ಕೆಆರ್‌ಎಸ್ ಎಷ್ಟು ದಿನದಲ್ಲಿ ತುಂಬುತ್ತೆ?

ಮಳೆಗಾಲ ಬಂತೆಂದರೆ ಪೇಪರಿನಲ್ಲಿ ದಿನವೂ ಕೆಆರ್‌ಎಸ್ ಲೆಕ್ಕ: ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ. ಡ್ಯಾಂ ಯಾವಾಗ ತುಂಬುತ್ತೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ಬೇಕಾದ ಅಂಕಿಗಳೆಲ್ಲ ಅದೇ ಸುದ್ದಿಯಲ್ಲಿ ಇರುತ್ತವೆ!

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಮೊದಲನೆಯದು ಹರಿವು, ಎರಡನೆಯದು ನೀರಿನ ಮೊತ್ತ. 'ಹತ್ತು ಸಾವಿರ ಕ್ಯೂಸೆಕ್ ನೀರು ಬಿಟ್ಟರು' ಎಂದು ಕೇಳಿದ ಕೂಡಲೇ ಜನ ಗಾಬರಿಯಾಗುತ್ತಾರೆ. ಆದರೆ ಎಷ್ಟು ಹೊತ್ತು ಬಿಟ್ಟರು? ಒಂದು ಗಂಟೆಯೋ, ಒಂದು ತಿಂಗಳೋ? ಅದು ಗೊತ್ತಿಲ್ಲದೆ ಎಷ್ಟು ನೀರು ಹೋಯಿತೆಂದು ಹೇಳಲು ಸಾಧ್ಯವೇ ಇಲ್ಲ.

ದಿನಕ್ಕೆ 86,400 ಸೆಕೆಂಡು. ಒಂದು ಕ್ಯೂಸೆಕ್ ದಿನವಿಡೀ ಹರಿದರೆ 86,400 ಘನ ಅಡಿ. 100 ಕೋಟಿಯನ್ನು ಇದರಿಂದ ಭಾಗಿಸಿ: 11,574. ನನಗೆ ಬಹಳ ಇಷ್ಟವಾದ ಸಂಖ್ಯೆ ಇದು. 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ, ಅಷ್ಟೇ.

ಈಗ ಲೆಕ್ಕ ಮಾಡೋಣ. ಕೆಆರ್‌ಎಸ್ ಸಾಮರ್ಥ್ಯ 49.45 ಟಿಎಂಸಿ. ಈಗ 30 ಇದೆ, ಒಳಹರಿವು 40,000, ಹೊರಹರಿವು 5,000 ಕ್ಯೂಸೆಕ್ ಎಂದುಕೊಳ್ಳಿ. ಉಳಿಯುವುದು 35,000, ಅಂದರೆ ದಿನಕ್ಕೆ ಸುಮಾರು 3 ಟಿಎಂಸಿ. ಬೇಕಿರುವುದು 19.45. ಹರಿವು ಹೀಗೇ ಇದ್ದರೆ ಆರೂವರೆ ದಿನ ಸಾಕು.

2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್‌ನಂತೆ ಬಿಡಲು ಹೇಳಿತು. ಒಟ್ಟು ಎಷ್ಟು? 75,000ವನ್ನು 11,574ರಿಂದ ಭಾಗಿಸಿದರೆ 6.48 ಟಿಎಂಸಿ. ಬೆಂಗಳೂರಿಗೆ ಕುಡಿಯುವ ನೀರು ತರುವ ಕಾವೇರಿ 5ನೇ ಹಂತದ ಯೋಜನೆಗೆ ದಿನಕ್ಕೆ 77.5 ಕೋಟಿ ಲೀಟರ್ ಬೇಕು. ಕೇಳಲು ಭಾರೀ ಮೊತ್ತ, ಅಲ್ವಾ? 28.3ರಿಂದಲೂ 86,400ರಿಂದಲೂ ಭಾಗಿಸಿದರೆ ಬರುವುದು ಬರೀ 317 ಕ್ಯೂಸೆಕ್. ಅದೇ ವರ್ಷವಿಡೀ ಹರಿದರೆ 10 ಟಿಎಂಸಿ. ಇಂಥ ಲೆಕ್ಕವನ್ನು ಕಾವೇರಿ ಚರ್ಚೆಗೆ ಕೂರುವ ಪ್ರತಿಯೊಬ್ಬರೂ ಕಲಿಯಬೇಕು.

ಆದರೆ ಅಡಿ ಲೆಕ್ಕದ ಬಗ್ಗೆ ಎಚ್ಚರ. ಗರಿಷ್ಠ ಮಟ್ಟ 124.80 ಅಡಿ. ನೀರು 100 ಅಡಿ ಇದ್ದರೆ ಡ್ಯಾಂ ಶೇಕಡ 80 ತುಂಬಿದೆ ಅಂತ ಬಹಳ ಜನ ನಂಬಿದ್ದಾರೆ. ನಿಜವಾಗಿ ಅರ್ಧವೂ ತುಂಬಿರುವುದಿಲ್ಲ. ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಒಂದೊಂದು ಅಡಿಗೂ ಕೆಳಗಿನದಕ್ಕಿಂತ ಜಾಸ್ತಿ ನೀರು ಬೇಕು. ಹಾಗಾಗಿ ಒಳಹರಿವು ಅಷ್ಟೇ ಇದ್ದರೂ, ಕೊನೆಯ ಅಡಿಗಳು ಏರುವುದು ನಿಧಾನ.