ಮೆಗಾ ಡ್ರೈವ್‌ನ ಹೊಟ್ಟೆಯೊಳಗಿನ ಗುರುತುಗಳು

ಹೊರನೋಟಕ್ಕೆ ಒಂದೇ ಎನಿಸುವ ಎರಡು ಮೆಗಾ ಡ್ರೈವ್‌ಗಳಿಗೆ ಒಂದೇ ಹಳೆಯ ಕಾರ್ಟ್ರಿಡ್ಜ್ ಹಾಕಿದಾಗ, ಒಂದರಲ್ಲಿ ಆಟ ಶುರುವಾಗಿ ಇನ್ನೊಂದರಲ್ಲಿ ಪರದೆ ಖಾಲಿಯಾಗಿಯೇ ಉಳಿಯಬಹುದು. ಎರಡೂ ಯಂತ್ರಗಳು ಸುಸ್ಥಿತಿಯಲ್ಲಿವೆ, ಕಾರ್ಟ್ರಿಡ್ಜ್ ಕೂಡ ಕೆಟ್ಟಿಲ್ಲ. ವ್ಯತ್ಯಾಸವಿರುವುದು ಒಳಗಿನ ಮದರ್‌ಬೋರ್ಡಿನಲ್ಲಿ. ಸೆಗಾ ಕಂಪನಿ 1988ರ ಅಕ್ಟೋಬರ್ 29ರಂದು ಜಪಾನಿನಲ್ಲಿ ಬಿಡುಗಡೆ ಮಾಡಿ, ಮರುವರ್ಷ ಉತ್ತರ ಅಮೆರಿಕಕ್ಕೆ ಜೆನೆಸಿಸ್ ಎಂಬ ಹೆಸರಿನಲ್ಲಿಯೂ 1990ರಲ್ಲಿ ಯುರೋಪಿಗೂ ಕಳಿಸಿದ ಈ ಗೇಮ್ ಕನ್ಸೋಲ್, ಮೊದಲ ಮಾದರಿಯ ಕವಚದೊಳಗೇ ವಿಎ0ಯಿಂದ ವಿಎ7ರವರೆಗೆ ಹಲವು ಆವೃತ್ತಿಗಳನ್ನು ಕಂಡಿತು. ಈ ಬದಲಾವಣೆಗಳನ್ನು ಕಂಪನಿ ಗ್ರಾಹಕರ ಮುಂದೆ ಸಾರಿ ಹೇಳುವ ಅಗತ್ಯವೇ ಇರಲಿಲ್ಲ, ಏಕೆಂದರೆ ಎಲ್ಲ ಆವೃತ್ತಿಗಳೂ ಒಂದೇ ಆಟಗಳನ್ನು ಒಂದೇ ರೀತಿಯಲ್ಲಿ ಆಡಿಸಬೇಕೆಂಬುದೇ ಕನ್ಸೋಲ್ ಎಂಬ ಸರಕಿನ ಮೂಲ ಷರತ್ತು.

ಹಾಗಿದ್ದರೂ ಬೋರ್ಡನ್ನು ಮತ್ತೆ ಮತ್ತೆ ಬದಲಿಸಲು ಮುಖ್ಯ ಕಾರಣ ಖರ್ಚು. ಮೊದಲ ಬೋರ್ಡುಗಳಲ್ಲಿ ಮೋಟೊರೋಲಾ 68000 ವಿನ್ಯಾಸದ ಮುಖ್ಯ ಪ್ರೊಸೆಸರ್, ಧ್ವನಿಯ ಉಸ್ತುವಾರಿಗೆಂದು ಜೆಡ್80 ಎಂಬ ಇನ್ನೊಂದು ಪ್ರೊಸೆಸರ್, ಯಮಹಾದ ವೈಎಂ2612 ಎಂಬ ಎಫ್‌ಎಂ ಸಂಗೀತ ಚಿಪ್, ಚಿತ್ರ ಬಿಡಿಸುವ ವಿಡಿಪಿ ಮತ್ತು ಇವುಗಳ ನಡುವೆ ಸಂಚಾರ ನಿಯಂತ್ರಿಸುವ ಸಣ್ಣ ಚಿಪ್‌ಗಳು ಬೇರೆ ಬೇರೆಯಾಗಿ ಕುಳಿತಿದ್ದವು. ಚಿಪ್ ತಯಾರಿಕೆಯ ತಂತ್ರ ಸುಧಾರಿಸಿದಂತೆ ಎರಡು ಮೂರು ಚಿಪ್‌ಗಳ ಕೆಲಸವನ್ನು ಒಂದೇ ಸಿಲಿಕಾನ್ ತುಂಡಿಗೆ ಇಳಿಸುವುದು ಸಾಧ್ಯವಾಯಿತು; ಚಿಪ್ ಕಡಿಮೆಯಾದರೆ ಬೆಸುಗೆ ಕಡಿಮೆ, ಬೋರ್ಡು ಚಿಕ್ಕದು, ಪರೀಕ್ಷೆಯೂ ಸುಲಭ. ಮೆಗಾ ಡ್ರೈವ್‌ನ ಇತಿಹಾಸದಲ್ಲಿ ಇದರ ಜೊತೆಗೆ ಎರಡನೆಯ ಕಾರಣವೊಂದು ಸೇರಿಕೊಂಡಿತು: ಪರವಾನಗಿ ಇಲ್ಲದೆ ಆಟ ತಯಾರಿಸುವವರನ್ನು ಹೊರಗಿಡುವ ಹಂಬಲ.

ಹೊರಗಿನ ಗುರುತುಗಳಿಂದಲೇ ಶುರು ಮಾಡೋಣ. ಮೊದಲ ಮಾದರಿಯ ಮೇಲ್ಭಾಗದ ದೊಡ್ಡ ವೃತ್ತದ ಅಂಚಿನಲ್ಲಿ 'ಹೈ ಡೆಫಿನಿಷನ್ ಗ್ರಾಫಿಕ್ಸ್' ಎಂಬ ಬರಹವಿದ್ದರೆ ಅದು ಬಹುಮಟ್ಟಿಗೆ ಆರಂಭದ ವರ್ಷಗಳ ಯಂತ್ರ. ಹಿಂಬದಿಯಲ್ಲಿ ಒಂಬತ್ತು ಪಿನ್ನುಗಳ 'ಇಎಕ್ಸ್‌ಟಿ' ಎಂಬ ಹೆಚ್ಚುವರಿ ಕಿಂಡಿಯಿದ್ದರೆ ಆ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ. ಜಪಾನಿನಲ್ಲಿ ಮೋಡೆಮ್ ಜೋಡಿಸಲು ಬಳಕೆಯಾದ ಈ ಕಿಂಡಿಯನ್ನು ಮುಂದಿನ ಬೋರ್ಡುಗಳಲ್ಲಿ ಕೈಬಿಡಲಾಯಿತು. ಎರಡನೆಯ ಮಾದರಿಯನ್ನು ಗುರುತಿಸಲು ಕಷ್ಟವೇ ಇಲ್ಲ: ಅದು ಚಿಕ್ಕದು, ಮುಂಭಾಗದ ಹೆಡ್‌ಫೋನ್ ಕಿಂಡಿಯೂ ಧ್ವನಿ ಏರಿಳಿಸುವ ಜಾರುಗುಂಡಿಯೂ ಅದರಲ್ಲಿಲ್ಲ. ಮೊದಲ ಮಾದರಿಯ ವಿದ್ಯುತ್ ಪ್ಲಗ್‌ನ ನಡುವಿನ ತುದಿ ಋಣ, ಎರಡನೆಯದರಲ್ಲಿ ಧನ. ಹೀಗಾಗಿ ಅಡಾಪ್ಟರುಗಳನ್ನು ಅದಲುಬದಲು ಮಾಡುವ ಪ್ರಯೋಗವನ್ನು ಯಾರೂ ಕೈಗೊಳ್ಳದಿರುವುದು ಒಳ್ಳೆಯದು.

ಆದರೆ ಕವಚವನ್ನು ಪೂರ್ತಿ ನಂಬುವಂತಿಲ್ಲ. ಮೂವತ್ತು ವರ್ಷ ಕೈಯಿಂದ ಕೈಗೆ ದಾಟಿದ ಯಂತ್ರದಲ್ಲಿ ಯಾರೋ ರಿಪೇರಿಯ ನೆಪದಲ್ಲಿ ಒಂದರ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಿರಬಹುದು. ಕಾರ್ಖಾನೆಯವರು ಕೂಡ ಹಳೆಯ ಮುಚ್ಚಳಗಳ ದಾಸ್ತಾನು ಮುಗಿಯುವವರೆಗೆ ಹೊಸ ಬೋರ್ಡಿಗೆ ಅದನ್ನೇ ತೊಡಿಸಲು ಹಿಂಜರಿಯುವವರಲ್ಲ. ಆದ್ದರಿಂದ ಖಚಿತ ಉತ್ತರ ಬೇಕಿದ್ದರೆ ವಿದ್ಯುತ್ ಸಂಪರ್ಕ ತಪ್ಪಿಸಿ, ತಿರುಪು ಬಿಚ್ಚಿ, ಲೋಹದ ತಗಡಿನ ಹೊದಿಕೆಯನ್ನು ಎತ್ತಿ ನೋಡಲೇಬೇಕು. ಬೋರ್ಡಿನ ಮೇಲೆ 'ಎಂ5' ಎಂಬ ಸಂಕೇತದ ಜೊತೆಗೆ ವಿಎ3, ವಿಎ6 ಎಂಬಂತೆ ಆವೃತ್ತಿಯ ಸಂಖ್ಯೆ ಅಚ್ಚಾಗಿರುತ್ತದೆ. ಪ್ರೊಸೆಸರಿನ ಮೇಲೆ ಮೋಟೊರೋಲಾ, ಹಿಟಾಚಿ ಅಥವಾ ಸಿಗ್ನೆಟಿಕ್ಸ್ ಎಂಬ ಹೆಸರು ಕಂಡರೆ ಅದರಿಂದ ಯಾವ ತೀರ್ಮಾನಕ್ಕೂ ಬರಬಾರದು; ಒಂದೇ ವಿನ್ಯಾಸದ ಚಿಪ್ಪನ್ನು ಹಲವರು ತಯಾರಿಸುತ್ತಿದ್ದರು, ಸಿಕ್ಕಿದ್ದನ್ನು ಸೆಗಾ ಬಳಸಿಕೊಂಡಿತು.

ಹೆಚ್ಚು ಉಪಯುಕ್ತವಾದದ್ದು ಚಿಪ್‌ಗಳ ಮೇಲಿನ ದಿನಾಂಕ ಸಂಕೇತ. ಅನೇಕ ಚಿಪ್‌ಗಳ ಮೇಲೆ ನಾಲ್ಕು ಅಂಕಿಗಳಿರುತ್ತವೆ. 9125 ಎಂದಿದ್ದರೆ 1991ರ 25ನೆಯ ವಾರದಲ್ಲಿ ತಯಾರಾದದ್ದೆಂದು ಓದಬೇಕು. ಒಂದೇ ಬೋರ್ಡಿನ ಚಿಪ್‌ಗಳಲ್ಲಿ ಈ ಸಂಖ್ಯೆಗಳು ಬೇರೆ ಬೇರೆಯಾಗಿರುವುದು ಸಹಜ. ಹೂತಿಟ್ಟ ನಾಣ್ಯಗಳ ಗಡಿಗೆಯೊಂದರ ಕಾಲವನ್ನು ಅದರಲ್ಲಿನ ಅತ್ಯಂತ ಹೊಸ ನಾಣ್ಯ ಸೂಚಿಸುವಂತೆ, ಇಲ್ಲಿಯೂ ಅತ್ಯಂತ ಈಚಿನ ಸಂಕೇತವೇ ಮುಖ್ಯ, ಏಕೆಂದರೆ ಬೋರ್ಡು ಅದಕ್ಕಿಂತ ಮೊದಲು ಜೋಡಣೆಯಾಗಿರಲು ಸಾಧ್ಯವಿಲ್ಲ. ಒಂದು ಚಿಪ್ಪಿನ ದಿನಾಂಕ ಉಳಿದವಕ್ಕಿಂತ ಹಲವು ವರ್ಷ ಈಚಿನದಾಗಿದ್ದು ಅದರ ಬೆಸುಗೆಯೂ ಬೇರೆ ಬಗೆಯಲ್ಲಿ ಹೊಳೆಯುತ್ತಿದ್ದರೆ, ಅದು ರಿಪೇರಿಯ ಕುರುಹು ಎಂದು ಭಾವಿಸಬಹುದು.

ಇನ್ನು ಎರಡನೆಯ ಕಾರಣದ ಕಡೆ ಬರೋಣ. ಸಾಮಾನ್ಯವಾಗಿ ವಿಎ6ರಿಂದ ಮುಂದಿನ ಯಂತ್ರಗಳಲ್ಲಿ ಟಿಎಂಎಸ್‌ಎಸ್ ಎಂಬ ಕಾವಲು ವ್ಯವಸ್ಥೆಯಿದೆ. ಯಂತ್ರ ಶುರುವಾದೊಡನೆ ಒಳಗಿನ ಪುಟ್ಟ ಪ್ರೋಗ್ರಾಂ ಕಾರ್ಟ್ರಿಡ್ಜಿನ ನಿಗದಿತ ಜಾಗದಲ್ಲಿ 'ಸೆಗಾ' ಎಂಬ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳಿವೆಯೇ ಎಂದು ನೋಡುತ್ತದೆ. ಇದ್ದರೆ, ಈ ಆಟ ಸೆಗಾ ತಯಾರಿಸಿದ್ದು ಅಥವಾ ಅದರ ಪರವಾನಗಿ ಪಡೆದದ್ದು ಎಂಬ ಸಾಲನ್ನು ಪರದೆಯ ಮೇಲೆ ಕೆಲವು ಕ್ಷಣ ತೋರಿಸುತ್ತದೆ, ಇಲ್ಲದಿದ್ದರೆ ಮುಂದುವರಿಯುವುದಿಲ್ಲ. ಅಷ್ಟಕ್ಕೇ ಮುಗಿಯದೆ, ಆಟ ಆರಂಭವಾದ ಮೇಲೆ ಅದು ತಾನೇ ಆ ನಾಲ್ಕು ಅಕ್ಷರಗಳನ್ನು ರಿಜಿಸ್ಟರ್ ಎಂಬ ಒಳಗಿನ ಪುಟ್ಟ ಸ್ಮೃತಿಕೋಶವೊಂದಕ್ಕೆ ಬರೆಯಬೇಕು, ಬರೆಯದೆ ವಿಡಿಪಿಯನ್ನು ಮುಟ್ಟಿದರೆ ಯಂತ್ರ ಸ್ತಬ್ಧವಾಗುತ್ತದೆ. ಈ ನಿಯಮ ಹುಟ್ಟುವ ಮೊದಲೇ ಅಂಗಡಿಗೆ ಬಂದಿದ್ದ ಕೆಲವು ಕಾರ್ಟ್ರಿಡ್ಜ್‌ಗಳು ಹೊಸ ಯಂತ್ರಗಳಲ್ಲಿ ಓಡದಿರುವುದು ಇದೇ ಕಾರಣದಿಂದ. ಹೀಗಾಗಿ ತಿರುಪು ಬಿಚ್ಚಲು ಇಷ್ಟವಿಲ್ಲದವರು ಒಂದು ಆಟ ಹಾಕಿ ಪರದೆಯನ್ನು ನೋಡಿದರೆ ಸಾಕು. ಆ ಪರವಾನಗಿಯ ಸಾಲು ಮೊದಲು ಕಾಣಿಸಿಕೊಂಡರೆ ಒಳಗೆ ಟಿಎಂಎಸ್‌ಎಸ್ ಇದೆ, ನೇರವಾಗಿ ಆಟವೇ ಬಂದರೆ ಇಲ್ಲ.

ಈ ಸಾಲು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅಕೊಲೇಡ್ ಎಂಬ ಅಮೆರಿಕದ ಕಂಪನಿ ಸೆಗಾದ ಆಟಗಳನ್ನು ಬಿಚ್ಚಿ ಓದಿ, ಕಾವಲನ್ನು ದಾಟುವ ಅಕ್ಷರಗಳನ್ನು ಕಂಡುಕೊಂಡು, ತನ್ನ ಕಾರ್ಟ್ರಿಡ್ಜ್‌ಗಳಲ್ಲಿ ಸೇರಿಸಿತು. ಹಾಗಾಗಿ ಪರವಾನಗಿ ಇಲ್ಲದ ಆಟದ ಮುಂದೆಯೂ ಸೆಗಾದ ಹೆಸರೇ ಮೂಡುವಂತಾಯಿತು. 1992ರಲ್ಲಿ ಅಮೆರಿಕದ ಒಂಬತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು, ಹೊಂದಾಣಿಕೆಗಾಗಿ ಬೇರೆ ದಾರಿಯಿಲ್ಲದಿದ್ದಾಗ ಪ್ರೋಗ್ರಾಮನ್ನು ಬಿಚ್ಚಿ ಅಧ್ಯಯನ ಮಾಡುವುದು ಹಕ್ಕುಸ್ವಾಮ್ಯ ಕಾನೂನು ಒಪ್ಪುವ ನ್ಯಾಯಯುತ ಬಳಕೆಯೆಂದೂ, ತಪ್ಪು ಹೆಸರು ಮೂಡುವ ಗೊಂದಲಕ್ಕೆ ಮುಖ್ಯ ಹೊಣೆ ಸೆಗಾದ್ದೇ ಎಂದೂ ತೀರ್ಪಿತ್ತಿತು. ಸಾಫ್ಟ್‌ವೇರ್ ಕಾನೂನಿನ ಚರ್ಚೆಗಳಲ್ಲಿ ಇಂದಿಗೂ ಉಲ್ಲೇಖವಾಗುವ ಈ ತೀರ್ಪಿನ ಮೂಲದಲ್ಲಿರುವುದು ಬೋರ್ಡಿನ ಒಂದು ಪರಿಷ್ಕರಣೆ.

ಆವೃತ್ತಿಯನ್ನು ಗುರುತಿಸುವ ಕೆಲಸವನ್ನು ಸಂಗ್ರಾಹಕರಿಗಿಂತ ಎಷ್ಟೋ ಮೊದಲು ಆಟಗಳೇ ಮಾಡುತ್ತಿದ್ದವು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಷೋಡಶಮಾನದಲ್ಲಿ (ಹದಿನಾರರ ಲೆಕ್ಕದ ಸಂಖ್ಯಾಪದ್ಧತಿಯಲ್ಲಿ) ಎ10001 ಎಂದು ಬರೆಯುವ ವಿಳಾಸದಲ್ಲಿ ಎಂಟು ಬಿಟ್‌ಗಳ ಒಂದು ರಿಜಿಸ್ಟರ್ ಇದೆ. ಅದರ ಮೇಲಿನ ಬಿಟ್‌ಗಳು ಯಂತ್ರ ಜಪಾನಿನದೋ ಹೊರದೇಶದ್ದೋ, ಟಿವಿ ಸಂಕೇತದ ಪಾಲ್ ಪದ್ಧತಿಯದೋ ಎನ್‌ಟಿಎಸ್‌ಸಿಯದೋ ಎಂದು ಹೇಳಿದರೆ, ಕೆಳಗಿನ ನಾಲ್ಕು ಬಿಟ್‌ಗಳು ಆವೃತ್ತಿಯನ್ನು ತಿಳಿಸುತ್ತವೆ. ಆ ನಾಲ್ಕು ಬಿಟ್‌ಗಳು ಸೊನ್ನೆಯಾಗಿದ್ದರೆ ಕಾವಲಿಲ್ಲದ ಹಳೆಯ ಯಂತ್ರ; ಆಗ ಆಟ ಆ ಅಕ್ಷರಗಳನ್ನು ಬರೆಯುವ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಪ್ರತಿಸ್ಪರ್ಧಿ ಕನ್ಸೋಲ್ ಸೂಪರ್ ನಿಂಟೆಂಡೊದಲ್ಲಿಯೂ ಮುಖ್ಯ ಪ್ರೊಸೆಸರ್ ಮತ್ತು ಎರಡು ಚಿತ್ರ ಚಿಪ್‌ಗಳು ತಮ್ಮ ತಮ್ಮ ಆವೃತ್ತಿ ಸಂಖ್ಯೆಯನ್ನು ಇದೇ ರೀತಿ ತಿಳಿಸುತ್ತವೆ.

ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡುವ ವ್ಯತ್ಯಾಸವೊಂದು ಉಳಿದಿದೆ. ವಿಎ6ರವರೆಗಿನ ಬೋರ್ಡುಗಳಲ್ಲಿ ವೈಎಂ2612 ಚಿಪ್ ಪ್ರತ್ಯೇಕವಾಗಿರುತ್ತದೆ. ವಿಎ7ರಲ್ಲಿ ಅದರ ಬದಲು ವೈಎಂ3438 ಎಂಬ ಸುಧಾರಿತ ರೂಪ ದೊಡ್ಡ ಚಿಪ್ಪೊಂದರೊಳಗೆ ಅಡಗಿ ಕುಳಿತಿದೆ. ಹಳೆಯ ಚಿಪ್ ಅಂಕಿಗಳನ್ನು ವಿದ್ಯುತ್ ತರಂಗವಾಗಿ ಬದಲಿಸುವಾಗ, ತರಂಗವು ಋಣದಿಂದ ಧನಕ್ಕೆ ಸೊನ್ನೆಯನ್ನು ದಾಟುವ ಜಾಗದಲ್ಲಿ ಇರಬೇಕಾದುದಕ್ಕಿಂತ ದೊಡ್ಡ ಜಿಗಿತವೊಂದನ್ನು ಉಂಟುಮಾಡುತ್ತದೆ. ಜೋರು ಸ್ವರಗಳಲ್ಲಿ ಈ ಜಿಗಿತ ಮುಚ್ಚಿಹೋಗುತ್ತದೆ, ಮೆಲು ಸ್ವರಗಳಲ್ಲಿ ಅದೇ ಮೇಲುಗೈ ಸಾಧಿಸಿ, ಕರಗುತ್ತಿರುವ ನಾದದ ಕೊನೆಗೆ ಒರಟಾದ ಗರಗರ ಸದ್ದು ಸೇರುತ್ತದೆ. ಹೊಸ ಚಿಪ್ಪಿನಲ್ಲಿ ಈ ದೋಷ ಬಹುತೇಕ ಇಲ್ಲ. ಹಾಗಾದರೆ ವಿಎ7ರ ಧ್ವನಿ ಚೆನ್ನಾಗಿರಬೇಕಿತ್ತು. ಆದರೆ ಚಿಪ್ಪಿನ ನಂತರದ ವರ್ಧಕ ಮಂಡಲವನ್ನು ಬದಲಿಸಿದ್ದರಿಂದ, ಮೊದಲ ಮಾದರಿಗಳಲ್ಲೇ ಕೆಟ್ಟ ಧ್ವನಿ ಅದರದ್ದೆಂಬ ಹೆಸರು ಅದಕ್ಕೆ ಅಂಟಿಕೊಂಡಿದೆ. ಯಾವ ಆವೃತ್ತಿ ಶ್ರೇಷ್ಠ ಎಂಬ ಸಂಗ್ರಾಹಕರ ಜಗಳದಲ್ಲಿ ಚಿಪ್ಪನ್ನೂ ವರ್ಧಕವನ್ನೂ ಬೇರ್ಪಡಿಸಿ ನೋಡುವವರು ಕಡಿಮೆ ಎಂಬುದು ನನ್ನ ಅಭಿಪ್ರಾಯ; ವರ್ಧಕವನ್ನು ಬದಲಿಸಬಹುದು, ಚಿಪ್ಪಿನ ಸ್ವಭಾವವನ್ನು ಬದಲಿಸಲಾಗದು.

ಆ ಒರಟುತನವನ್ನು ದೋಷವೆನ್ನಬೇಕೋ ಮೂಲ ಧ್ವನಿಯೆನ್ನಬೇಕೋ ಎಂಬುದು ಅಷ್ಟು ಸರಳ ಪ್ರಶ್ನೆಯಲ್ಲ. ಆರಂಭದ ವರ್ಷಗಳ ಸಂಗೀತಗಾರರು ತಮ್ಮ ಸ್ವರಗಳನ್ನು ಹೊಂದಿಸಿದ್ದು ಹಳೆಯ ಚಿಪ್ಪನ್ನು ಕೇಳುತ್ತಲೇ. ಆ ಜಿಗಿತದಿಂದಾಗಿಯೇ ಕೇಳಿಸುತ್ತಿದ್ದ ಕೆಲವು ಮೆಲುದನಿಗಳು ಹೊಸ ಚಿಪ್ಪಿನಲ್ಲಿ ಕಿವಿಗೆ ಬೀಳದಷ್ಟು ಕ್ಷೀಣವಾಗುತ್ತವೆ. ವೈಎಂ3438ರ ಹೊದಿಕೆ ತೆಗೆದು, ಒಳಗಿನ ಸಿಲಿಕಾನಿನ ಛಾಯಾಚಿತ್ರಗಳನ್ನು ಓದಿ ಬರೆದ ಎಮ್ಯುಲೇಟರ್, ಅಂದರೆ ಆ ಚಿಪ್ಪಿನ ವರ್ತನೆಯನ್ನು ಅನುಕರಿಸುವ ಪ್ರೋಗ್ರಾಂ, ಇಂದು ಲಭ್ಯವಿದೆ. ಇಂಥ ಎಮ್ಯುಲೇಟರುಗಳು ಯಾವ ಚಿಪ್ ಬೇಕೆಂದು ಬಳಕೆದಾರನನ್ನೇ ಕೇಳುತ್ತವೆ. 1991ಕ್ಕಿಂತ ಹಿಂದಿನ ಆಟಗಳಿಗೆ ನಾನು ವೈಎಂ2612ನ್ನೇ ಆರಿಸುತ್ತೇನೆ, ನಂತರದವುಗಳಿಗೆ ಎರಡನ್ನೂ ಕೇಳಿ ನೋಡುತ್ತೇನೆ.