ಜಸ್ಟಿಸ್ ಅಂದ್ರೆ ನ್ಯಾಯಾನಾ, ಶಿಕ್ಷೆನಾ?

ಯಾವ್ದಾದ್ರೂ ಕೊಲೆ ಕೇಸು ಟೀವಿಲಿ ನಾಲ್ಕು ದಿನ ಓಡಿದ್ರೆ ಸಾಕು, ಐದನೇ ದಿನ ಸರ್ಕಲ್ ಹತ್ರ ಕ್ಯಾಂಡಲ್ ಹಿಡ್ಕೊಂಡು ನಿಂತೋರ ಕೈಲಿ ಒಂದು ಬೋರ್ಡ್ ಇದ್ದೇ ಇರುತ್ತೆ, ‘ಜಸ್ಟಿಸ್ ಫಾರ್’ ಅಂತ ಬರ್ದು ಮುಂದೆ ಸತ್ತೋರ ಹೆಸ್ರು. ಮೈಕ್ ಹಿಡಿದ್ರೆ ಹೇಳೋದು ಒಂದೇ ಮಾತು, ಅವ್ನಿಗೆ ಗಲ್ಲಾಗ್ಬೇಕು. ಅಷ್ಟು ದೊಡ್ಡ ಪದಾನ ಇಷ್ಟು ಸಣ್ಣ ಮಾಡಿದ್ದು ನಮ್ಮ ಕಾಲ ಅಂತ ನಾನೂ ಅಂದ್ಕೊಂಡಿದ್ದೆ. ಹಿಂದೆ ಹೋಗಿ ನೋಡಿದ್ರೆ ಉಲ್ಟಾ, ಇಂಗ್ಲಿಷಿಗೆ ಆ ಪದ ಬಂದಿದ್ದೇ ದೊಣ್ಣೆ ಹಿಡ್ಕೊಂಡು.

ಮೊದ್ಲು ಇಂಗ್ಲಿಷ್‌ನೋರ ಹತ್ರ ಜಸ್ಟಿಸ್ ಇರ್ಲೇ ಇಲ್ಲ, ಅವ್ರದ್ದೇ ಹಳೇ ಪದಗಳಿದ್ವು, ಸರಿ ಅನ್ನೋದಕ್ಕೆ ‘ರಿಹ್ಟ್’, ಅದೇ ಈಗಿನ ರೈಟ್, ತೀರ್ಪಿಗೆ ‘ಡೋಮ್’, ಅದೇ ಈಗಿನ ಡೂಮ್. ಹೌದು, ಸರ್ವನಾಶ ಅಂತ ಸಿನಿಮಾ ಟ್ರೈಲರಲ್ಲಿ ಕೇಳೋ ಅದೇ ಡೂಮ್ ಒಂದು ಕಾಲಕ್ಕೆ ಬರೀ ತೀರ್ಪು. 1066ರಲ್ಲಿ ಫ್ರಾನ್ಸ್‌ನ ನಾರ್ಮಂಡಿಯೋರು ಬಂದು ದೇಶ ಹಿಡಿದ್ರು, ಕೋರ್ಟು ಕಚೇರಿ ಎಲ್ಲಾ ಅವ್ರ ಭಾಷೆಗೆ ಹೋಯ್ತು, ಜಡ್ಜ್, ಜ್ಯೂರಿ, ಕ್ರೈಂ, ಪ್ರಿಸನ್ ಎಲ್ಲಾ ಆ ಕಡೆಯಿಂದ ಬಂದ ಸರಕು, ಅದ್ರ ಜೊತೇಲೇ ಜಸ್ಟಿಸ್ಸೂ. ಮೂಲ ಲ್ಯಾಟಿನ್ನಿನ ‘ಯೂಸ್’, ಅಂದ್ರೆ ಕಾನೂನು, ಹಕ್ಕು.

ತುಂಬಾ ಹಳೇ ಬಳಕೆ ಒಂದು ಪೀಟರ್‌ಬರೋ ಮಠದ ಸನ್ಯಾಸಿಗಳ ವೃತ್ತಾಂತದಲ್ಲಿ ಸಿಗುತ್ತೆ, 1137ನೇ ಇಸವಿ ಕೆಳಗೆ. ಸ್ಟೀಫನ್ ಅಂತ ರಾಜ, ಅವ್ನು ಮೃದು, ಒಳ್ಳೇವ್ನು, ಜಸ್ಟಿಸ್ ಮಾಡಲ್ಲ ಅಂತ ಗೊತ್ತಾಗಿದ್ದೇ ದ್ರೋಹಿಗಳು ಬಾಲ ಬಿಚ್ಚಿದ್ರು ಅಂತ ಅಲ್ಲಿ ಬರೆದಿದಾರೆ. ಜಸ್ಟಿಸ್ ಮಾಡಲ್ಲ ಅಂದ್ರೆ ಅನ್ಯಾಯ ಮಾಡ್ತಾನೆ ಅಂತಲ್ಲ ಮತ್ತೆ, ಯಾರಿಗೂ ಶಿಕ್ಷೆ ಕೊಡಲ್ಲ ಅಂತ! ಕ್ಯಾಂಡಲ್ ಹಿಡಿದೋರು ಕೇಳ್ತಿರೋದು ಇದನ್ನೇ ಅಲ್ವಾ.

ಆಮೇಲೆ ಪದ ಮೇಲಕ್ಕೇರಿದೆ. 1215ರ ಮ್ಯಾಗ್ನಾ ಕಾರ್ಟಾದಲ್ಲಿ ರಾಜ ಮಾತು ಕೊಡ್ತಾನೆ, ಹಕ್ಕನ್ನಾಗ್ಲಿ ಜಸ್ಟಿಸನ್ನಾಗ್ಲಿ ಯಾರಿಗೂ ಮಾರಲ್ಲ, ಇಲ್ಲ ಅನ್ನಲ್ಲ, ತಡ ಮಾಡಲ್ಲ ಅಂತ. (ತಡದ ವಿಷ್ಯ ನಮ್ಮ ಕೋರ್ಟಿಗೆ ಅಲೆದೋರು ಹೇಳ್ಬೇಕು.) ಅದೇ ಹೊತ್ತಿಗೆ ಪದ ಮನುಷ್ಯನ ಮೇಲೂ ಕೂತಿತ್ತು, ಕೊಡೋನನ್ನೇ ಜಸ್ಟಿಸ್ ಅಂದ್ರು. ಇಂಗ್ಲೆಂಡಲ್ಲಿ 1361ರ ಕಾಯ್ದೆಯಿಂದ ಬಂದ ಜಸ್ಟಿಸ್ ಆಫ್ ದ ಪೀಸ್‌ಗಳು ಈಗ್ಲೂ ಇದಾರೆ, ಸಂಬಳ ಇಲ್ಲ, ಲಾ ಓದಿರ್ಬೇಕು ಅಂತಾನೂ ಇಲ್ಲ. ನಮ್ಮಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟಿನೋರಿಗೆ ಮಾತ್ರ ಆ ಹೆಸ್ರು, ಪೇಪರ್ನೋರೂ ಅವ್ರನ್ನ ನ್ಯಾಯಮೂರ್ತಿ ಅಂತಾರೆ, ಜಿಲ್ಲಾ ಕೋರ್ಟಿನೋರು ನ್ಯಾಯಾಧೀಶರು. ಹಾಗೆ ನೋಡಿದ್ರೆ ‘ಬಸ್ ಜಸ್ಟ್ ಮಿಸ್ಸಾಯ್ತು’ ಅಂತೀವಲ್ಲ, ಆ ಜಸ್ಟೂ ಇದೇ ಮನೆಯದ್ದು, ಕರೆಕ್ಟಾಗಿ ಅನ್ನೋ ಅರ್ಥದಿಂದ ಬಂದಿದ್ದು.

ಇನ್ನು ನಮ್ಮ ನ್ಯಾಯ. ಡಿಕ್ಷನರಿ ತೆಗೆದ್ರೆ ಜಸ್ಟಿಸ್ ಈಕ್ವಲ್ ಟು ನ್ಯಾಯ ಅಂತಿರುತ್ತೆ, ಆದ್ರೆ ಇವೆರಡೂ ಬೇರೆ ಬೇರೆ ದಾರೀಲಿ ಬಂದು ಒಂದೇ ಛತ್ರದಲ್ಲಿ ಉಳ್ಕೊಂಡೋರ ಥರ. ಸಂಸ್ಕೃತದಲ್ಲಿ ನ್ಯಾಯ ಅಂದ್ರೆ ರೀತಿ, ನಿಯಮ, ತರ್ಕ. ಕಾಗೆ ಕೂರೋದಕ್ಕೂ ತಾಳೆಹಣ್ಣು ಬೀಳೋದಕ್ಕೂ ಸರಿಹೋದ್ರೆ ಕಾಕತಾಳೀಯ ನ್ಯಾಯ, ಅಲ್ಲಿ ಕೋರ್ಟೂ ಇಲ್ಲ ಕಟಕಟೇನೂ ಇಲ್ಲ. ದೊಡ್ಡ ಮೀನು ಸಣ್ಣ ಮೀನು ನುಂಗೋದಕ್ಕೆ ಮತ್ಸ್ಯನ್ಯಾಯ ಅಂತಾರೆ ನೋಡಿ, ಪಕ್ಕಾ ಅನ್ಯಾಯ ಅದು, ಆದ್ರೂ ಹೆಸ್ರು ನ್ಯಾಯ! ಹಳ್ಳಿ ಕಡೆ ಬಂದ್ರೆ ನ್ಯಾಯ ಅಂದ್ರೆ ಜಗಳಾನೇ. ‘ಅಣ್ತಮ್ಮಂದ್ರ ನ್ಯಾಯ ಇನ್ನೂ ಬಗೆಹರಿದಿಲ್ಲ’ ಅಂದ್ರೆ ಬದು ಒತ್ತಿದ ಗಲಾಟೆ ಇನ್ನೂ ಮುಗಿದಿಲ್ಲ ಅಂತ. ‘ನ್ಯಾಯಕ್ಕೆ ಕೂರೋದು’ ಅಂದ್ರೆ ಅರಳಿಕಟ್ಟೆ ಮೇಲೆ ಇಬ್ರ ಮಾತೂ ಕೇಳಿ, ಬೈದು, ತಪ್ಪುಕಾಣಿಕೆ ಹಾಕಿ ರಾಜಿ ಮಾಡ್ಸೋದು, ಯಾಕಂದ್ರೆ ನಾಳೆ ಇಬ್ರೂ ಅದೇ ಊರಲ್ಲಿ ಬಾಳ್ಬೇಕು. ಚೆನ್ನಾಗಿತ್ತು ಅಂತ ಹೊಗಳ್ತಿಲ್ಲ, ಕಟ್ಟೆ ಮೇಲೆ ಕೂತೋರು ಯಾರು, ಕೆಳಗೆ ಕೈಕಟ್ಟಿ ನಿಂತೋರು ಯಾವ ಕೇರಿಯೋರು ಅಂತ ಎಲ್ರಿಗೂ ಗೊತ್ತು. ‘ಇದ್ಯಾವ ಊರ ನ್ಯಾಯ ಸ್ವಾಮಿ’ ಅನ್ನೋ ಮಾತು ಸುಮ್ನೆ ಹುಟ್ಟಿಲ್ಲ.

ಯಾರು ಮೇಲೆ ಯಾರು ಕೆಳಗೆ ಅನ್ನೋ ಇಂಥ ಪ್ರಶ್ನೆಯಿಂದ್ಲೇ ಜಸ್ಟಿಸ್ಸಿಗೆ ಇನ್ನೊಂದು ಅರ್ಥ ಜೋರಾಯ್ತು, ಪಾಲು. ಮದ್ರಾಸಲ್ಲಿ 1916ರಲ್ಲಿ ಬ್ರಾಹ್ಮಣೇತರರು ಒಂದು ಸಂಘಟನೆ ಕಟ್ಟಿದ್ರು, ಅವ್ರ ಇಂಗ್ಲಿಷ್ ಪೇಪರ್ ಹೆಸ್ರು ಜಸ್ಟಿಸ್, ಜನ ಪಾರ್ಟಿನೇ ಜಸ್ಟಿಸ್ ಪಾರ್ಟಿ ಅಂದ್ಬಿಟ್ರು. ತಮಿಳಲ್ಲಿ ಅದು ‘ನೀದಿ ಕಟ್ಚಿ’, ಅಂದ್ರೆ ನಮ್ಮ ನೀತಿ ಅವ್ರ ಜಸ್ಟಿಸ್. ಅವ್ರ ಜಗಳ ಯಾರನ್ನೋ ಗಲ್ಲಿಗೆ ಹಾಕೋದಕ್ಕಲ್ಲ, ಸರ್ಕಾರಿ ಕೆಲ್ಸದಲ್ಲಿ ನಮ್ಮ ಜನ ಎಷ್ಟು ಅನ್ನೋದಕ್ಕೆ. ಅದೇ ಪ್ರಶ್ನೆಗೆ ಮೈಸೂರಲ್ಲಿ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದ್ರು. ಮುಂದೆ ಸಂವಿಧಾನದ ಪೀಠಿಕೆ ಕೊಡ್ತೀನಿ ಅಂದಿದ್ರಲ್ಲಿ ಮೊದಲ್ನೇದೇ ನ್ಯಾಯ, ಸ್ವಾತಂತ್ರ್ಯ ಸಮಾನತೆ ಆಮೇಲೆ, ಅದೂ ಸಾಮಾಜಿಕ, ಆರ್ಥಿಕ, ರಾಜಕೀಯ ಅಂತ ಬಿಡ್ಸಿ ಹೇಳಿದಾರೆ.

ಈಗ ಮತ್ತೆ ಸುತ್ತು ಹೊಡೆದು ಶಿಕ್ಷೆ ಹತ್ರಾನೇ ಬಂದಿದೀವಿ ಅನ್ಸುತ್ತೆ. 1860ರ ಭಾರತೀಯ ದಂಡ ಸಂಹಿತೆ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ದಂಡ ಅನ್ನೋ ಪದ ತೆಗೆದು ನ್ಯಾಯ ಅಂತ ಇಟ್ರು. ಪುಸ್ತಕ ಬಿಚ್ಚಿದ್ರೆ ಒಳಗಿರೋದು ಮತ್ತೆ ಯಾವ ತಪ್ಪಿಗೆ ಎಷ್ಟು ವರ್ಷ ಅನ್ನೋದೇ. ಕೊಲೆಗೆ ಮೊದ್ಲು 302 ಅಂತಿದ್ರು, ಈಗ 103, ಶಿಕ್ಷೆ ಅದೇ, ಇಲ್ಲಾ ಗಲ್ಲು ಇಲ್ಲಾ ಜೀವಾವಧಿ.