ಲೈಫ್ ಮನೆಯ 4 ಲಕ್ಷ: ‘ವಿಹಿತಂ’ ಬೇರೆ, ‘ಗಡು’ ಬೇರೆ

ಲೈಫ್ ಮಿಷನ್ ಎಂದರೆ ಮನೆಯಿಲ್ಲದವರಿಗೆ ಮನೆ ಕೊಡುವ ಕೇರಳ ಸರಕಾರದ ಯೋಜನೆ. ಅದರ ಆದೇಶ ಓದಲು ಕೂತ ಕಾಸರಗೋಡಿನವರು ಮೊದಲು ಎರಡು ಮಲಯಾಳಂ ಪದಗಳನ್ನು ಬಿಡಿಸಿಕೊಳ್ಳಬೇಕು. ಕನ್ನಡ ಮಾತ್ರ ಚೆನ್ನಾಗಿ ಬರುವವರು ಎಡವುವುದು ಇಲ್ಲಿಯೇ. ‘ವಿಹಿತಂ’ ಎಂದರೆ ಪಾಲು, ಅಂದರೆ ಹಣ ಯಾರ ಕೈಯಿಂದ ಬರುತ್ತದೆ ಎಂಬುದು. ನಮ್ಮಲ್ಲಿ ‘ವಿಹಿತ’ ಎಂದರೆ ಯೋಗ್ಯವಾದದ್ದು, ವಿಧಿಸಿದ್ದು. ‘ಗಡು’ ಎಂದರೆ ಕಂತು. ನಮ್ಮ ಕಿವಿಗೆ ಅದು ‘ಗಡುವು’ ಎಂದು ಕೇಳಿಸಿ, ‘ರಂಡಾಂ ಗಡು’ ಎಂದು ಬರೆದದ್ದನ್ನು ಎರಡನೇ ಅವಧಿ, ಕೊನೆಯ ದಿನಾಂಕ ಎಂದು ಓದಿಬಿಡುತ್ತೇವೆ. ಅದು ಎರಡನೇ ಕಂತು, ಅಷ್ಟೇ.

ಈಗ ಲೆಕ್ಕ. ಸಾಮಾನ್ಯ ವಿಭಾಗದ ಒಂದು ಮನೆಗೆ 4,00,000 ರೂಪಾಯಿ. ಪರಿಶಿಷ್ಟ ಪಂಗಡದವರ ಊರುಗಳಲ್ಲಿ 6,00,000. ಅದರ ಲೆಕ್ಕ ಬೇರೆ, ಇಲ್ಲಿ ಹಿಡಿದಿಲ್ಲ. ಈ 4 ಲಕ್ಷವನ್ನು ಎರಡು ರೀತಿಯಲ್ಲಿ ಸೀಳುತ್ತಾರೆ.

ಪಾಲಿನ ಪ್ರಕಾರ: ರಾಜ್ಯ ಸರಕಾರ 1,00,000, ಸ್ಥಳೀಯಾಡಳಿತ ಸಂಸ್ಥೆ (ಪಂಚಾಯತು ಅಥವಾ ನಗರಸಭೆ) 80,000, ಹುಡ್ಕೋ ಎಂಬ ಕೇಂದ್ರದ ವಸತಿ ಹಣಕಾಸು ಸಂಸ್ಥೆಯ ಸಾಲ 2,20,000.

ಕಂತಿನ ಪ್ರಕಾರ: ಕರಾರು ಆದಾಗ 40,000; ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಅಡಿಗಟ್ಟು, ಮುಗಿದಾಗ 1,60,000; ಗೋಡೆ ಎದ್ದು ಲಿಂಟಲ್ ಆದಾಗ 1,60,000; ಮನೆ ಪೂರ್ತಿಯಾದಾಗ 40,000.

ಎರಡೂ ಕೂಡಿದರೆ 4 ಲಕ್ಷವೇ. ಆದರೆ ಮೊದಲ ಪಟ್ಟಿಯ ಯಾವ ಸಾಲೂ ಎರಡನೇ ಪಟ್ಟಿಯ ಯಾವ ಸಾಲಿಗೂ ಜೋಡಿಯಲ್ಲ. “ಮೊದಲ ಕಂತು ಪಂಚಾಯತಿನದ್ದು, ಎರಡನೆಯದ್ದು ಸಾಲ, ಮೂರನೆಯದ್ದು ಸರಕಾರದ್ದು” ಎಂದು ಟಿಪ್ಪಣಿ ಬರೆದುಕೊಂಡಿದ್ದರೆ ಅಳಿಸಿಬಿಡಿ. ಮೂರು ಮನೆಯ ಅಕ್ಕಿ ಒಂದೇ ಪಾತ್ರೆಯಲ್ಲಿ ಬೆಂದು ನಾಲ್ಕು ಸೌಟಿನಲ್ಲಿ ಬಡಿಸಿದ ಹಾಗೆ ಇದು. ಎರಡನೇ ಸೌಟಿನಲ್ಲಿ ಬಂದ ಅನ್ನ ಯಾರ ಮನೆಯ ಅಕ್ಕಿಯದ್ದು ಎಂದು ಕೇಳಿದರೆ ಉತ್ತರವಿಲ್ಲ. ಒಂದು ಮನೆಯ ಅಕ್ಕಿ ಬಾರದಿದ್ದರೆ ಯಾವ ಸೌಟು ಖಾಲಿಯಾಗುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಅದನ್ನೇ ಕೂಡಿಸಿ ನೋಡೋಣ. ಮೊದಲ ಕಂತಿನ ಹೊತ್ತಿಗೆ ಕೊಟ್ಟದ್ದು 40,000. ಎರಡನೆಯದರ ಹೊತ್ತಿಗೆ 2,00,000. ಮೂರನೆಯದಕ್ಕೆ 3,60,000. ಕೊನೆಗೆ 4,00,000.

ಸಾಲ ಇನ್ನೂ ಬಂದಿಲ್ಲ ಎಂದುಕೊಳ್ಳಿ. ಪಂಚಾಯತಿನ ಪಾಲು ಮಾತ್ರ ಕೈಯಲ್ಲಿದ್ದರೆ 80,000: ಮೊದಲ ಕಂತು ಕೊಟ್ಟು, ಎರಡನೇ ಕಂತಿನ ಕಾಲು ಭಾಗಕ್ಕೆ ನಿಲ್ಲುತ್ತದೆ. ಸರಕಾರದ 1 ಲಕ್ಷವೂ ಪೂರ್ತಿ ಸೇರಿದರೆ 1,80,000. ಆಗಲೂ ಎರಡನೇ ಕಂತು ಮುಗಿಯಲು 20,000 ಕಡಿಮೆ. ಹಾಗಾದರೆ ಸಾಲದ ಹಣ ಮಂಜೂರಾಗದೆ ಎರಡನೇ ಕಂತು ಯಾವ ಪಂಚಾಯತಿನಿಂದಲೂ ಪೂರ್ತಿ ಕೊಡಲಾಗದು, ಬೇರೆ ನಿಧಿಯನ್ನು ತಾತ್ಕಾಲಿಕವಾಗಿ ತಿರುಗಿಸಿದ ಹೊರತು. ಪಂಚಾಂಗ ಕಟ್ಟಿ, ಮೇಲೆ ಹುಲ್ಲು ಬೆಳೆದ ಮನೆಗಳು ಕಾಣಸಿಗುವುದಕ್ಕೆ ಈ 20,000ದ ಲೆಕ್ಕವೂ ಒಂದು ಕಾರಣ ಇರಬಹುದು. ಕಟ್ಟುವವರ ಸೋಮಾರಿತನ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ.

ಒಂದೇ ಮನೆಗಲ್ಲ, 50 ಮನೆಗೆ ಇದೇ ಲೆಕ್ಕ ಹಾಕಿ. ಒಟ್ಟು 2 ಕೋಟಿ: ರಾಜ್ಯ 50 ಲಕ್ಷ, ಪಂಚಾಯತು 40 ಲಕ್ಷ, ಸಾಲ 1 ಕೋಟಿ 10 ಲಕ್ಷ. ಎಲ್ಲರೊಂದಿಗೂ ಒಂದೇ ವಾರದಲ್ಲಿ ಕರಾರು ಮಾಡಿದರೆ ಮೊದಲ ಕಂತಿಗೆ 20 ಲಕ್ಷ. ಎಲ್ಲರೂ ಬೇಸಿಗೆಯಲ್ಲೇ ಪಂಚಾಂಗ ಮುಗಿಸಿದರೆ, ಮಳೆಗೆ ಮುಂಚೆ ಅವಸರ ಇದ್ದೇ ಇರುತ್ತದೆ, ಒಟ್ಟಿಗೆ ಇನ್ನೂ 80 ಲಕ್ಷ. ಕೈಯಲ್ಲಿರುವುದು ಹೆಚ್ಚೆಂದರೆ 90 ಲಕ್ಷ, ಬೇಕಾದದ್ದು 1 ಕೋಟಿ. ಆದ್ದರಿಂದ ಸಾಲದ ಮಂಜೂರಾತಿ ನೋಡಿಕೊಂಡು ಕರಾರುಗಳನ್ನು ಹಂತಹಂತವಾಗಿ ಮಾಡುವುದು ಸರಿ. ಗ್ರಾಮಸಭೆಯಲ್ಲಿ “ಎಷ್ಟು ಮನೆ ಕೊಟ್ಟಿರಿ?” ಎಂದು ಕೇಳುವುದಕ್ಕಿಂತ “ಎಷ್ಟು ಕರಾರು ಆಗಿದೆ, ಎಷ್ಟಕ್ಕೆ ಎರಡನೇ ಗಡು ಹೋಗಿದೆ, ಹುಡ್ಕೋ ವಿಹಿತಂ ಎಷ್ಟು ಬಂದಿದೆ?” ಎಂದು ಕೇಳಿದರೆ ಮಾತು ನೇರ ವಿಷಯಕ್ಕೆ ಬರುತ್ತದೆ. ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ.

ಸಾಲ ಎಂಬ ಮಾತು ಕೇಳಿ ಹೆದರುವವರಿದ್ದಾರೆ. ಆ ಸಾಲ ಮನೆ ಕಟ್ಟುವವರ ತಲೆಯ ಮೇಲೆ ಬರುವುದಿಲ್ಲ. ಅವರಿಗೆ 4 ಲಕ್ಷವೂ ಸಹಾಯಧನವೇ. ಅಸಲು ಕಳೆಯುವುದು ಸ್ಥಳೀಯಾಡಳಿತ ಸಂಸ್ಥೆಗೆ ಮುಂದಿನ ವರ್ಷಗಳಲ್ಲಿ ಬರಬೇಕಾದ ಯೋಜನಾ ನಿಧಿಯಿಂದ, ಬಡ್ಡಿ ರಾಜ್ಯ ಸರಕಾರದ್ದು. ಅಂದರೆ ಇವತ್ತು 50 ಮನೆ ಕೊಟ್ಟ ಪಂಚಾಯತಿಗೆ ಮುಂದೆ ರಸ್ತೆಗೆ, ದಾರಿದೀಪಕ್ಕೆ, ಅಂಗನವಾಡಿಗೆ ಬರುವ ಯೋಜನಾ ಹಣ ಅಷ್ಟು ಕಡಿಮೆ. ಅದು ತಪ್ಪು ಎಂದು ನನಗನ್ನಿಸುವುದಿಲ್ಲ, ಸೂರಿಲ್ಲದವರಿಗೆ ಸೂರು ಮೊದಲು. ಆದರೆ ಐದು ವರ್ಷದ ಯೋಜನೆ ಬರೆಯಲು ಕೂತ ಕಾರ್ಯತಂಡ ಈ ಕಡಿತವನ್ನು ಮೊದಲ ಸಾಲಿನಲ್ಲೇ ಕಳೆದು ಲೆಕ್ಕ ಹಾಕಬೇಕು.

ಇನ್ನು ಪ್ರಧಾನಮಂತ್ರಿ ಆವಾಸ್, ಗ್ರಾಮೀಣ. ಕೇರಳದಲ್ಲಿ ಅದರ ಮನೆಗೂ ಒಟ್ಟು 4 ಲಕ್ಷವೇ. ಕೇಂದ್ರದ ಘಟಕ ವೆಚ್ಚ 1,20,000; ಅದರಲ್ಲಿ ಶೇ. 60, ಅಂದರೆ 72,000 ಕೇಂದ್ರದ್ದು, 48,000 ರಾಜ್ಯದ್ದು. ಉಳಿದ 2,80,000 ಕೇರಳದ ಕಡೆಯಿಂದಲೇ ತುಂಬಬೇಕು. ಹೆಸರಿನ ಪಟ್ಟಿ ಬೇರೆ, ಇದು ಬ್ಲಾಕ್ ಪಂಚಾಯತಿನ ಮೂಲಕ ನಡೆಯುತ್ತದೆ. ಲೈಫ್ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆವಾಸ್ ಪಟ್ಟಿಯಲ್ಲಿ ಇರಬೇಕೆಂದಿಲ್ಲ. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ನಗರಸಭೆಗಳಲ್ಲಿ ನಗರ ಆವಾಸ್‌ನ ಮೊದಲ ಹಂತದಲ್ಲಿ ಇದ್ದ ಪಾಲು: ಕೇಂದ್ರ 1,50,000, ರಾಜ್ಯ 50,000, ನಗರಸಭೆ 2,00,000.

ಉದ್ಯೋಗ ಖಾತರಿಯ 90 ದಿನದ ಕೂಲಿ 4 ಲಕ್ಷದ ಹೊರಗಿನದ್ದು. 2024-25ರ ದಿನಗೂಲಿ 346ರಂತೆ ಅದು 31,140 ರೂಪಾಯಿ ಆಗುತ್ತಿತ್ತು. ಜಾಬ್ ಕಾರ್ಡ್ ಇಲ್ಲದೆ ಕೆಲಸ ಶುರುಮಾಡಿ, ಆಮೇಲೆ ಮಸ್ಟರ್ ರೋಲ್ (ಹಾಜರಿ ಪಟ್ಟಿ) ಕೇಳಿದರೆ ಸಿಗದು. ಕರಾರಿಗೆ ಮುಂಚೆಯೇ ಕಾರ್ಡ್ ಮಾಡಿಸಿಕೊಳ್ಳಬೇಕು.

ಮನೆಯ ಅಳತೆಯ ವಿಷಯ. 4 ಲಕ್ಷ ಲೆಕ್ಕ ಹಾಕಿರುವುದು ಸುಮಾರು 400 ಚದರಡಿಗೆ. 20 ಅಡಿ ಉದ್ದ, 20 ಅಡಿ ಅಗಲದ ಮನೆಗೆ ಹೊರಗೋಡೆ 80 ಅಡಿ, ಒಳಗೋಡೆಗಳು 40 ಅಡಿ, ಒಟ್ಟು 120 ಅಡಿ ಪಾಯ. “ಇದ್ದದ್ದರಲ್ಲಿ ಸ್ವಲ್ಪ ದೊಡ್ಡದಾಗಲಿ” ಎಂದು 24ಕ್ಕೆ 30 ಮಾಡಿದರೆ ಹೊರಗೋಡೆ 108, ಒಳಗೋಡೆ 54, ಒಟ್ಟು 162 ಅಡಿ. ಪಾಯದ ಖರ್ಚು ಮೂರನೇ ಒಂದರಷ್ಟೇ ಏರಿದಂತೆ ಕಾಣುತ್ತದೆ, ಹಾಗಾಗಿ ಮೇಸ್ತ್ರಿಯೂ ಮನೆಯವರೂ ಧೈರ್ಯ ಮಾಡುತ್ತಾರೆ. ಆದರೆ ತಾರಸಿ 400ರಿಂದ 720 ಚದರಡಿಗೆ, ಒಂದಕ್ಕೆ 1.8ರಷ್ಟು ಏರಿರುತ್ತದೆ. ಕಬ್ಬಿಣ, ಸಿಮೆಂಟು, ಜಲ್ಲಿ ಎಲ್ಲ ಬೇಕಾಗುವುದು ಅಲ್ಲಿ. ಕೆಂಪುಕಲ್ಲಿನ ಗೋಡೆ ಎದ್ದು ಲಿಂಟಲ್ ಮಟ್ಟದಲ್ಲಿ ನಿಲ್ಲುವ ಮನೆಗಳ ಕತೆ ಇದು. ದೊಡ್ಡ ಮನೆಯ ಆಸೆ ಇದ್ದರೆ 400 ಚದರಡಿ ಮುಗಿಸಿ ಒಳಗೆ ಹೋಗಿ, ಮುಂದೆ ಕೋಣೆ ಸೇರಿಸಲು ಒಂದು ಬದಿಯಲ್ಲಿ ಜಾಗ ಬಿಟ್ಟುಕೊಳ್ಳಿ.

ಜಾಗದ ಕಾಗದ: ಭೂತೆರಿಗೆ ರಶೀದಿ, ಗ್ರಾಮ ಕಚೇರಿಯ ಕೈವಶ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ. ಇವು ಎಲ್ಲರಿಗೂ ಗೊತ್ತು. ಸಿಕ್ಕಿಬೀಳುವುದು ಜಾಗದ ಜಾತಿಯಲ್ಲಿ. ರಶೀದಿಯಲ್ಲಿ ‘ನಂಜ’ ಅಥವಾ ‘ನಿಲಂ’, ಅಂದರೆ ಗದ್ದೆ, ಎಂದಿದ್ದರೆ, ಅಲ್ಲಿ ಈಗ ತೆಂಗು ಅಡಿಕೆ ಇದ್ದರೂ, ಹಲವು ಸಂದರ್ಭಗಳಲ್ಲಿ ನೇರ ಮನೆ ಕಟ್ಟುವಂತಿಲ್ಲ. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಮೊದಲು ಕೃಷಿ ಭವನದಲ್ಲಿ ಡೇಟಾ ಬ್ಯಾಂಕ್, ಅಂದರೆ ಗದ್ದೆ ಮತ್ತು ಜೌಗುಭೂಮಿಗಳ ಪಟ್ಟಿ, ನೋಡಿ. ಸರ್ವೆ ನಂಬರ್ ಅದರಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ನಮೂನೆ 6ರಲ್ಲಿ ಸ್ವಭಾವ ಬದಲಾವಣೆಗೆ ಅರ್ಜಿ. ತಪ್ಪಾಗಿ ಸೇರಿದ್ದರೆ ಮೊದಲು ನಮೂನೆ 5ರಲ್ಲಿ ಡೇಟಾ ಬ್ಯಾಂಕಿನಿಂದ ತೆಗೆಸಬೇಕು. ನಿಜವಾಗಿಯೂ ಗದ್ದೆಯೇ ಆಗಿ, ಬೇರೆ ಜಾಗವೇ ಇಲ್ಲದಿದ್ದರೆ ಸ್ವಂತ ಮನೆಗೆ ಪಂಚಾಯತಿನಲ್ಲಿ 10 ಸೆಂಟ್, ನಗರಸಭೆಯಲ್ಲಿ 5 ಸೆಂಟ್‌ವರೆಗೆ ಅನುಮತಿ ಕೇಳುವ ದಾರಿ ಇದೆ. ಈ ಮೂರೂ ದಾರಿ ಬೇರೆಬೇರೆ. ನಮೂನೆ 5 ಬೇಕಾದಲ್ಲಿ 6 ಕೊಟ್ಟರೆ ತಿಂಗಳುಗಟ್ಟಲೆ ಕಾದು ತಿರಸ್ಕಾರವಾಗುತ್ತದೆ. ಹೆಸರು ಪಟ್ಟಿಯಲ್ಲಿ ಬಂದ ದಿನವೇ ರಶೀದಿ ತೆಗೆದು ಆ ಒಂದು ಪದ ಓದಿ.

ಮನೆಯ ಹೊರಗಿನ ಊರಕೆಲಸಕ್ಕೆ ಹಣದ ತಲೆಬರಹ ಬೇರೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ಶೇ. 60 ನಿರ್ಬಂಧಿತ: ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆಕೊಯ್ಲಿಗೆ. ಉಳಿದ ಶೇ. 40 ಊರಿನ ಅಗತ್ಯಕ್ಕೆ, ಆದರೆ ಸಂಬಳಕ್ಕೆ ಬಳಸುವಂತಿಲ್ಲ. ಎಣ್ಮಕಜೆ, ಪೈವಳಿಕೆ ಕಡೆ ಜನ ಕುಡಿಯುವ ನೀರಿಗೆ ನಂಬಿರುವ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಹೂಳು ತೆಗೆದು ತೊಟ್ಟಿ ಕಟ್ಟುವ ಕೆಲಸವನ್ನು ನೀರಿನ ತಲೆಬರಹದಲ್ಲಿ ಬರೆಯಿರಿ. ರಸ್ತೆಯೊಂದಿಗೆ ಸೇರಿಸಿ ಒಂದೇ ಅಂದಾಜು ಮಾಡಿದರೆ ಎರಡೂ ಸಿಕ್ಕಿಬೀಳುತ್ತವೆ.

ಕಡಲ ಬದಿಯವರು, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಕಡಲ ದಡದಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಗಳು, ಲೈಫ್‌ಗೆ ಮುಂಚೆ ಪುನರ್ಗೇಹಂ, ಅಂದರೆ ಅಂಥ ಕುಟುಂಬಗಳನ್ನು ಬೇರೆಡೆ ನೆಲೆಗೊಳಿಸುವ ಯೋಜನೆ, ವಿಚಾರಿಸಬೇಕು. ಅಲ್ಲಿ 10 ಲಕ್ಷ: ಜಾಗಕ್ಕೆ 6, ಮನೆಗೆ 4. ಕೇಳಬೇಕಾದದ್ದು ಮೀನುಗಾರಿಕಾ ಇಲಾಖೆಯಲ್ಲಿ, ಪಂಚಾಯತಿನಲ್ಲಲ್ಲ.

ಅರ್ಜಿಯನ್ನು ಕನ್ನಡದಲ್ಲೇ ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಕರಾರು ಮಾತ್ರ ಮಲಯಾಳಂನಲ್ಲಿ ಬಂದರೆ, ಸಹಿಗೆ ಮುಂಚೆ ಈ ಪದಗಳ ಎದುರು ಕನ್ನಡ ಬರೆದುಕೊಳ್ಳಿ: ಗುಣಭೋಕ್ತಾವ್ ಎಂದರೆ ಫಲಾನುಭವಿ, ತರ ಎಂದರೆ ಪಂಚಾಂಗ, ತನತ್ ಫಂಡ್ ಎಂದರೆ ಪಂಚಾಯತಿನ ಸ್ವಂತ ನಿಧಿ, ವಿಹಿತಂ ಎಂದರೆ ಪಾಲು, ಗಡು ಎಂದರೆ ಕಂತು.